ತೋಯ್ದ ಕಾಗದ, ತಪ್ಪಿದ ಸಾಲಿ

ಹುಬ್ಬಳ್ಳಿಯ ಬೆಂಗೇರಿ ಅಂದ್ರ ಖಾದಿ ಸಂಘದ ರಾಷ್ಟ್ರಧ್ವಜ, ಶನಿವಾರದ ಸಂತಿ. ಮಳಿ ಕೈಕೊಟ್ರ ಸಂತ್ಯಾಗ ಕಾಯಿಪಲ್ಯೆ ತುಟ್ಟಿ ಆಗೋದು ಎಲ್ಲಾರಿಗೂ ಕಾಣ್ತೈತಿ. ತಂದಿ-ತಾಯಿ ಇಲ್ಲದ ಮಕ್ಕಳ ಪಾಡು ಕಾಣಂಗಿಲ್ಲ.

2019ರ ಆಗಸ್ಟ್. ಧಾರವಾಡ ಜಿಲ್ಲಾದಾಗ ಬೆಣ್ಣಿಹಳ್ಳ ಉಕ್ಕಿ ಹರೀತು. 2023ಕ್ಕ ಉಲ್ಟಾ: ರಾಜ್ಯದ 236 ತಾಲ್ಲೂಕಿನಾಗ 223 ಬರಪೀಡಿತ. ಹವಾಮಾನ ಬದಲಾವಣೆ ಇಂಥಾ ಏರುಪೇರನ್ನ ಹೆಚ್ಚಿಸ್ತೈತಿ. ಅಜ್ಜಿ ಕೂಲಿ ಮ್ಯಾಲ ಬೆಳೆಯೋ ಹುಡುಗಗ, ನೆರಿ-ಬರದಾಗ ಕೂಲಿ ನಿಂತ್ರ ಸಾಲಿನೂ ತಪ್ಪತೈತಿ.

ಇನ್ನೊಂದು ಪೆಟ್ಟು ಕೇಳ್ರಿ. ಮನ್ಯಾಗ ನೀರು ಹೊಕ್ರ ಟ್ರಂಕಿನ್ಯಾಗಿನ ಅಪ್ಪ-ಅವ್ವನ ಮರಣ ಪ್ರಮಾಣಪತ್ರ, ರೇಷನ್ ಕಾರ್ಡು ತೋಯ್ದು ಮುದ್ದಿ ಆಗ್ತಾವ. ಸಂಬಂಧಿಕರ ಮನ್ಯಾಗಿರೋ ಬಡ ಅನಾಥ ಮಕ್ಕಳಿಗೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆದಾಗ ತಿಂಗಳಿಗೆ 4,000 ರೂಪಾಯಿ ನೆರವು ಐತಿ. ಆದ್ರ ಕಾಗದ ಕೇಳ್ತಾರ. ತಾನು ಅನಾಥ ಅಂತ ಆ ಕೂಸೇ ಸಾಬೀತು ಮಾಡಬೇಕಾ? ನನಗಂತೂ ಮಳಿಗಿಂತ ಇದೇ ಕ್ರೂರ ಅನಸ್ತೈತಿ.

ನಿಮ್ಮ ಓಣ್ಯಾಗ ಇಂಥ ಮಕ್ಕಳಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ, ಪುಕ್ಕಟ ಐತಿ. ಕಳೆದ ಕಾಗದದ ನಕಲು ತರಾಕ ಅಜ್ಜಿ ಜೋಡಿ ನೀವೂ ಕಚೇರಿಗೆ ಹೋಗ್ರಿ.