ಫಾರ್ಮ್ಯಾಟ್ ಮಾಡುವ ಮುನ್ನ

ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಕಂಪನಿಯ ಲೋಗೋ ಬರುತ್ತದೆ, ಅಲ್ಲಿಗೆ ಲ್ಯಾಪ್‌ಟಾಪ್ ನಿಂತುಬಿಡುತ್ತದೆ. ರಿಪೇರಿ ಅಂಗಡಿಗೆ ಒಯ್ದರೆ ಎಷ್ಟೋ ಸಲ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಮಾಡ್ಬೇಕು ಸಾರ್." ಹಾಗೆಂದರೆ ಫೋಟೋ, ಪ್ರಾಜೆಕ್ಟ್ ವರದಿ, ಆಟದ ಸೇವ್ ಫೈಲು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡುವುದು. ಇದು ಕೊನೆಯ ಮದ್ದಾಗಬೇಕೇ ಹೊರತು ಮೊದಲನೆಯದಲ್ಲ. ಬೂಟ್ ಆಗದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಫೈಲುಗಳು ಕ್ಷೇಮವಾಗಿಯೇ ಇರುತ್ತವೆ. ಅವುಗಳ ತನಕ ಹೋಗುವ ದಾರಿ ಎಲ್ಲೋ ಕಡಿದಿರುತ್ತದೆ, ಅಷ್ಟೆ.

ಆ ದಾರಿ ಹೀಗಿದೆ. ಮೊದಲು ಏಳುವುದು ಮದರ್‌ಬೋರ್ಡಿನ ಪುಟ್ಟ ಚಿಪ್ಪಿನೊಳಗಿನ ಫರ್ಮ್‌ವೇರ್. ಹಿಂದೆ ಇದನ್ನು ಬಯೋಸ್ ಎನ್ನುತ್ತಿದ್ದೆವು. ಈಗಿನದು ಯುಇಎಫ್‌ಐ, ಆದರೂ ಅಂಗಡಿಯವರ ಬಾಯಲ್ಲಿ ಬಯೋಸ್ ಎಂಬ ಹೆಸರೇ ಉಳಿದಿದೆ. ಅದು ರ್‍ಯಾಮ್, ಪರದೆ, ಕೀಬೋರ್ಡ್‌ಗಳನ್ನು ಪರೀಕ್ಷಿಸಿ, ತನ್ನ ನೆನಪಿನಲ್ಲಿರುವ ಬೂಟ್ ಪಟ್ಟಿಯನ್ನು ನೋಡುತ್ತದೆ. ಡಿಸ್ಕಿನಲ್ಲಿ ಇದಕ್ಕೆಂದೇ ಮೀಸಲಾದ ಸಣ್ಣ ಇಎಫ್‌ಐ ಪಾರ್ಟಿಷನ್ ಇರುತ್ತದೆ. ಅಲ್ಲಿಂದ ಬೂಟ್‌ಲೋಡರನ್ನು ಎತ್ತಿಕೊಳ್ಳುತ್ತದೆ. ಬೂಟ್‌ಲೋಡರ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಎಬ್ಬಿಸುತ್ತದೆ, ಕರ್ನೆಲ್ ಉಳಿದದ್ದನ್ನೆಲ್ಲ.

ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಪರದೆಯೇ ಹೇಳುತ್ತದೆ. ಲೋಗೋ ಕೂಡ ಬರದಿದ್ದರೆ ಅನುಮಾನ ಹಾರ್ಡ್‌ವೇರಿನ ಮೇಲೆ: ಚಾರ್ಜರ್ ಕಿತ್ತು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಆಗದಿದ್ದರೆ ರ್‍ಯಾಮ್ ತೆಗೆದು ಮತ್ತೆ ಸರಿಯಾಗಿ ಕೂರಿಸಿ. ಲೋಗೋ ಬಂದು, ಬೂಟ್ ಮಾಡಲು ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಫರ್ಮ್‌ವೇರ್ ಸೆಟ್ಟಿಂಗ್‌ಗೆ ಹೋಗಿ ಎಸ್‌ಎಸ್‌ಡಿಯ ಹೆಸರಿದೆಯೇ ನೋಡಿ. ಹೆಸರೇ ಇಲ್ಲದಿದ್ದರೆ ಅದು ಸಡಿಲಗೊಂಡಿದೆ ಇಲ್ಲವೇ ಕೆಟ್ಟಿದೆ. ಹೆಸರಿದ್ದೂ ಬೂಟ್ ಆಗದಿದ್ದರೆ ಬಹುಮಟ್ಟಿಗೆ ತೊಂದರೆ ಬೂಟ್‌ಲೋಡರಿನದು. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಲ್ಲಿರುವ ರಿಪೇರಿ ಆಯ್ಕೆಯಿಂದಲೇ ಅದನ್ನು ಮತ್ತೆ ಬರೆಸಬಹುದು. ರಿಪೇರಿಗೂ ಮೊದಲು ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಬೇಕಾದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಜಾಣತನ.

ಹೀಗೆ ನಕಲು ಮಾಡಲು ಅಡ್ಡ ಬರುವುದು ಡಿಸ್ಕಿಗೆ ವಿಂಡೋಸ್ ಹಾಕುವ ಬಿಟ್‌ಲಾಕರ್ ಎಂಬ ಬೀಗ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಇದು ತಾನಾಗಿಯೇ ಬಿದ್ದಿರುತ್ತದೆ. ಫರ್ಮ್‌ವೇರ್ ಸೆಟ್ಟಿಂಗ್ ಬದಲಾದರೆ 48 ಅಂಕೆಗಳ ಕೀ ಕೇಳಬಹುದು. ಅದಿಲ್ಲದೆ ಫೈಲುಗಳು ಯಾರಿಗೂ ಸಿಗುವುದಿಲ್ಲ, ಒಡೆಯರಿಗೂ ಸಹ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಈ ಅಧ್ಯಾಯದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಲ್ಯಾಪ್‌ಟಾಪ್ ಹೀಗೆ ಏಳದೆ ನಿಲ್ಲುವ ಇನ್ನೊಂದು ಸಂದರ್ಭ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕುವಾಗ ಬರುತ್ತದೆ. ಇಲ್ಲಿನ ತೊಡಕಿನ ಮೂಲ ಎರಡು ಗ್ರಾಫಿಕ್ಸ್ ಚಿಪ್‌ಗಳು. ಪ್ರೊಸೆಸರಿನೊಳಗಿನ ಇಂಟೆಲ್ ಅಥವಾ ಎಎಂಡಿ ಚಿಪ್ ಸಾಮಾನ್ಯವಾಗಿ ಪರದೆಯನ್ನು ನೋಡಿಕೊಳ್ಳುತ್ತದೆ. ಆಟ ಶುರುವಾದಾಗ ಎನ್‌ವಿಡಿಯಾ ಚಿಪ್ ಚಿತ್ರ ರಚಿಸಿ ಅದರ ಕೈಗೆ ಕೊಡುತ್ತದೆ. ಬ್ಯಾಟರಿ ಉಳಿಸಲೆಂದು 2010ರಲ್ಲಿ ಎನ್‌ವಿಡಿಯಾ ಆಪ್ಟಿಮಸ್ ಎಂಬ ಹೆಸರಿನಲ್ಲಿ ಇದನ್ನು ತಂದಾಗ ಲಿನಕ್ಸಿಗೆ ಬೆಂಬಲ ಇರಲಿಲ್ಲ. ಅದರ ಬಗೆಗಿನ ಸಿಟ್ಟನ್ನು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ವೇದಿಕೆಯೊಂದರಲ್ಲಿ ಬಹಿರಂಗವಾಗಿಯೇ ತೋರಿಸಿದರು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನೆಲ್ ಮಾಡ್ಯೂಲ್‌ಗಳ ಮೂಲಸಂಕೇತವನ್ನು ತೆರೆದಿಟ್ಟ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ.

ಆದರೂ ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಗುವುದುಂಟು. ಬಹುಮಟ್ಟಿಗೆ ಎನ್‌ವಿಡಿಯಾದ ನೆರವಿಲ್ಲದೆ ಹೊರಗಿನವರು ಕಟ್ಟಿದ ನೂವೋ ಡ್ರೈವರ್ ಹೊಸ ಕಾರ್ಡನ್ನು ನಿಭಾಯಿಸಲಾಗದೆ ಸೋಲುವುದು ಇದಕ್ಕೆ ಒಂದು ಸಾಮಾನ್ಯ ಕಾರಣ. ಬೂಟ್ ಮೆನುವಿನಲ್ಲಿ "ಇ" ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ, ಸಾಧಾರಣ ಗುಣಮಟ್ಟದಲ್ಲಾದರೂ ಪರದೆ ಬೆಳಗುತ್ತದೆ. ಆಮೇಲೆ ಎನ್‌ವಿಡಿಯಾ ಡ್ರೈವರ್ ಹಾಕಿ ಆ ಪದವನ್ನು ತೆಗೆಯಬೇಕು. ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಉಬುಂಟು ಎಂಬ ಲಿನಕ್ಸ್ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟಿನಲ್ಲಿ ನೀಲಿ ಪರದೆಯೊಂದನ್ನು ತೋರಿಸಬಹುದು. ಡ್ರೈವರಿನ ಸಹಿಯನ್ನು ನಂಬಬೇಕೇ ಎಂದು ಕೇಳುವ ಪರದೆ ಅದು. ಏನೋ ಕೆಟ್ಟಿತೆಂದು ಹೆದರಿ ಅದನ್ನು ದಾಟಿ ಹೋಗುವವರು ಬಹಳ. ಆಮೇಲೆ ಡ್ರೈವರ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅಲ್ಲಿ ಕೀ ಸೇರಿಸುವ ಆಯ್ಕೆಯನ್ನೇ ಒತ್ತಿ.

ಆಟಗಳ ವಿಚಾರಕ್ಕೆ ಬಂದರೆ, ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ ಅದರ ಸ್ಟೀಮ್ ಅಂಗಡಿಯ ಬಹುಪಾಲು ವಿಂಡೋಸ್ ಆಟಗಳು ಲಿನಕ್ಸಿನಲ್ಲೂ ಓಡುತ್ತವೆ. ಆದರೆ ವ್ಯಾಲರಂಟ್ ಎಂಬ ಆಟ ಓಡುವುದಿಲ್ಲ. ಆಟದಲ್ಲಿ ಮೋಸ ತಡೆಯುವ ಅದರ ಕಾವಲು ತಂತ್ರಾಂಶಕ್ಕೆ ವಿಂಡೋಸ್ ಬೇಕೇ ಬೇಕು. ಅಂಥ ಆಟ ಆಡುವವರು ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ಎರಡೂ ಒಂದೇ ಡಿಸ್ಕಿನಲ್ಲಿದ್ದರೆ ಒಂದರ ಅಪ್‌ಡೇಟ್ ಇನ್ನೊಂದಕ್ಕೆ ತಟ್ಟಬಹುದು. 2024ರ ಆಗಸ್ಟಿನಲ್ಲಿ ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಒಂದು ಹಳೆಯ ಲಿನಕ್ಸ್ ಬೂಟ್‌ಲೋಡರ್‌ಗಳನ್ನು ತಡೆಹಿಡಿದು, ಹಲವರ ಲಿನಕ್ಸ್ ಏಳದಂತೆ ಮಾಡಿತ್ತು. ಆ ತಡೆ ಫರ್ಮ್‌ವೇರಿನಲ್ಲೇ ದಾಖಲಾಗುವುದರಿಂದ ಬೇರೆ ಡಿಸ್ಕ್ ಇದ್ದರೂ ತಪ್ಪುತ್ತಿರಲಿಲ್ಲ. ಆದರೆ ಬೂಟ್‌ಲೋಡರ್ ಅಳಿಸಿಹೋಗುವ, ಬೂಟ್ ಪಟ್ಟಿ ಅದಲುಬದಲಾಗುವ ದಿನನಿತ್ಯದ ತೊಂದರೆಗಳು ಬೇರೆ ಡಿಸ್ಕಿನಿಂದ ಬಹಳ ಕಡಿಮೆಯಾಗುತ್ತವೆ. ಹಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡನೇ ಎಸ್‌ಎಸ್‌ಡಿಗೆ ಜಾಗ ಖಾಲಿಯೇ ಇರುತ್ತದೆ. ಲಿನಕ್ಸನ್ನು ಅಲ್ಲಿಗೆ ಹಾಕಿ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಇರುವ ಎಸ್‌ಎಸ್‌ಡಿಯನ್ನು ಕಳಚಿಟ್ಟರೆ ಇನ್ನೂ ಒಳ್ಳೆಯದು. ಏಕೆಂದರೆ ಕೆಲವು ಇನ್‌ಸ್ಟಾಲರ್‌ಗಳು ಕೇಳದೆಯೇ ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೆ ತಮ್ಮ ಬೂಟ್‌ಲೋಡರನ್ನು ಬರೆದುಬಿಡುತ್ತವೆ.