ಪೆಟ್ಟಿಗೆಯೊಳಗಿನ ಗಾಳಿಗೊಂದು ದಾರಿ

ಬಂಟ್ವಾಳ ತಾಲೂಕಿನ ಅಂಚಿನಲ್ಲಿ, ಕಾಸರಗೋಡಿನ ಗಡಿಗೆ ಹತ್ತಿರವಾಗಿ ಇರುವ ಊರು ಕನ್ಯಾನ. ಅಡಿಕೆ ತೋಟ, ಮುರಕಲ್ಲಿನ ಗುಡ್ಡ, ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ, ಮಾರ್ಚ್‌ನಿಂದ ಮೇ ತನಕ ಮೈಗೆ ಅಂಟುವ ಸೆಕೆ. ಇಂಥ ಊರುಗಳಲ್ಲಿ ಸಹಕಾರಿ ಸಂಘದ ಕೌಂಟರಿನಲ್ಲೂ ಜೆರಾಕ್ಸ್ ಅಂಗಡಿಯಲ್ಲೂ ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದಲ್ಲೂ ಡೆಸ್ಕ್‌ಟಾಪ್ ಕಂಪ್ಯೂಟರುಗಳು ದಿನವಿಡೀ ದುಡಿಯುತ್ತವೆ. ಏ.ಸಿ. ಇಲ್ಲದ ಕೋಣೆಯಲ್ಲಿ ಅವು ಬಿಸಿಯಾಗಿ ಹ್ಯಾಂಗ್ ಆಗದಂತೆ ನೋಡಿಕೊಳ್ಳುವುದು ಒಂದು ಕಸುಬು. ಕ್ಯಾಬಿನೆಟ್ ಎಂಬ ತಗಡಿನ ಪೆಟ್ಟಿಗೆಯೊಳಗೆ ಯಾವ ಫ್ಯಾನ್ ಎಲ್ಲಿರಬೇಕು, ಯಾವ ಕಡೆಗೆ ಮುಖ ಮಾಡಿರಬೇಕು, ಎಷ್ಟು ವೇಗದಲ್ಲಿ ತಿರುಗಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಜೋಡಿಸುವ ಕೆಲಸ ಅದು. ಕೆಲಸ ಚೆನ್ನಾಗಿ ಆಗಿದ್ದರೆ ಅದು ಆಗಿದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ತಾನು ಎಳೆದುಕೊಂಡ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಹೊರಬಿಡುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಇಡೀ ಯಂತ್ರಕ್ಕೆ ಒದಗುತ್ತಿದ್ದ ವಿದ್ಯುತ್ತು 63.5 ವ್ಯಾಟ್ ಮಾತ್ರ. ಅದರ ಪ್ರೊಸೆಸರಿಗೆ ತಂಪು ಮಾಡುವ ಯಾವ ಸಲಕರಣೆಯೂ ಬೇಕಿರಲಿಲ್ಲ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯೊಳಗಿನ ಒಂದು ಫ್ಯಾನ್ ಸಾಕಾಗುತ್ತಿತ್ತು. 1993ರಲ್ಲಿ ಪೆಂಟಿಯಂ ಬಂದ ಮೇಲೆ ಪ್ರೊಸೆಸರಿನ ತಲೆಯ ಮೇಲೆ ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಪುಟ್ಟ ಫ್ಯಾನ್ ಕೂರಿಸುವುದು ವಾಡಿಕೆಯಾಯಿತು. ಇಂದು ಸಾಧಾರಣ ಪ್ರೊಸೆಸರ್ ಒಂದರ ವಿವರಪಟ್ಟಿಯಲ್ಲೇ 65 ವ್ಯಾಟ್ ಎಂದು ಬರೆದಿರುತ್ತದೆ. 2022ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಎಂಬ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ 450 ವ್ಯಾಟ್ ಬೇಕು. ಪ್ರೊಸೆಸರಿನ ಬಿಸಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಬೇಸಗೆಯ ಮಧ್ಯಾಹ್ನ ಕಂಪ್ಯೂಟರ್ ನಿಧಾನವಾಯಿತು ಎಂದು ದೂರುವವರಲ್ಲಿ ಹಲವರ ಯಂತ್ರ ಮಾಡುತ್ತಿರುವುದು ಇದನ್ನೇ.

ಶಾಖದ ಪಯಣ ಶುರುವಾಗುವುದು ಪ್ರೊಸೆಸರಿನ ನುಣುಪಾದ ಮೇಲ್ಮೈಯಿಂದ. ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಅತಿ ಸೂಕ್ಷ್ಮ ತಗ್ಗುದಿಣ್ಣೆಗಳಿರುತ್ತವೆ. ಹೀಟ್‌ಸಿಂಕಿನ ತಳದಲ್ಲೂ ಹಾಗೆಯೇ. ಎರಡನ್ನೂ ಒತ್ತಿ ಕೂರಿಸಿದರೆ ನಡುವಿನ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ತಾಮ್ರಕ್ಕೆ ಹೋಲಿಸಿದರೆ ನಿಂತ ಗಾಳಿ ಶಾಖವನ್ನು ಸಾಗಿಸುವುದು ಸುಮಾರು 15 ಸಾವಿರದಲ್ಲಿ ಒಂದು ಪಾಲು ಮಾತ್ರ. ಆ ಗಾಳಿಯನ್ನು ಹೊರದಬ್ಬಿ ತಗ್ಗುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ಅದು ತಾಮ್ರದಷ್ಟು ಚುರುಕಲ್ಲದಿದ್ದರೂ ಗಾಳಿಗಿಂತ ನೂರಾರು ಪಟ್ಟು ಮೇಲು. ನುರಿತವರು ಮಧ್ಯದಲ್ಲಿ ಬಟಾಣಿ ಗಾತ್ರದಷ್ಟು ಪೇಸ್ಟ್ ಇಟ್ಟು, ಹೀಟ್‌ಸಿಂಕನ್ನು ನೇರವಾಗಿ ಕೂರಿಸಿ, ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿಯುತ್ತಾರೆ. ಒಂದೇ ಬದಿಯನ್ನು ಮೊದಲು ಬಿಗಿದರೆ ಪೇಸ್ಟ್ ಆ ಕಡೆ ತೆಳ್ಳಗೂ ಈ ಕಡೆ ದಪ್ಪಗೂ ಉಳಿದುಬಿಡುತ್ತದೆ.

ಹೀಟ್‌ಸಿಂಕಿನೊಳಗೆ ಅಡಗಿರುವ ತಾಮ್ರದ ಕೊಳವೆಗಳು ಇನ್ನೂ ಸೋಜಿಗದವು. ಇವು ಗಟ್ಟಿ ಸರಳುಗಳಲ್ಲ, ಟೊಳ್ಳು. ಒಳಗಿನ ಗಾಳಿಯನ್ನು ತೆಗೆದು ಒಂದಿಷ್ಟು ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗೆ ಕಾಯದೆ ಬಹಳ ಮೊದಲೇ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಯಲ್ಲಿರುವ ಸೂಕ್ಷ್ಮ ರಂಧ್ರಗಳ ಪದರ ಆ ನೀರನ್ನು ಹೀರಿ ಮರಳಿ ಬಿಸಿ ತುದಿಗೆ ತರುತ್ತದೆ. ಮೋಟರಿಲ್ಲ, ತಿರುಗುವ ಭಾಗವೊಂದೂ ಇಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ಬಾಹ್ಯಾಕಾಶ ಯಂತ್ರಗಳಿಗೆಂದು ಬೆಳೆದ ಆ ವಿದ್ಯೆ ಇಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೂ ಇರಬಹುದು.

ಕೊಳವೆಗಳು ತಂದ ಶಾಖ ಅಲ್ಯುಮಿನಿಯಮ್ಮಿನ ತೆಳು ಹಾಳೆಗಳಿಗೆ ಹರಡುತ್ತದೆ. ಅಲ್ಲಿಂದ ಮುಂದಿನದು ಗಾಳಿಯ ಪಾಲಿನ ಕೆಲಸ, ಜೋಡಿಸುವವರ ಜಾಣ್ಮೆ ಕಾಣುವುದೂ ಇಲ್ಲಿಯೇ. ಕರಾವಳಿಯ ಹಂಚಿನ ಮನೆ ಇದನ್ನು ಚೆನ್ನಾಗಿ ಬಲ್ಲದು: ತಗ್ಗಿನ ಕಿಟಕಿಯಿಂದ ಬಂದ ಗಾಳಿ ಕೋಣೆ ದಾಟಿ ಮಾಡಿನ ಸಂದುಗಳಿಂದ ಹೊರಗೆ ಹೋಗುತ್ತದೆ. ಕ್ಯಾಬಿನೆಟ್ಟಿನಲ್ಲೂ ಗಾಳಿಗೆ ಒಂದು ಬರುವ ದಾರಿ, ಒಂದು ಹೋಗುವ ದಾರಿ ಇರಬೇಕು. ನಡುವೆ ಅದು ಬಿಸಿಯಾದ ಭಾಗಗಳನ್ನು ಸವರಿಕೊಂಡು ಸಾಗಬೇಕು. ಆದರೆ ಬಿಸಿಗಾಳಿ ತಾನಾಗಿ ಮೇಲೇರುವ ಬಲ ಈ ಪುಟ್ಟ ಪೆಟ್ಟಿಗೆಯೊಳಗೆ ತೀರಾ ಕ್ಷೀಣ. ಅಲ್ಲಿ ದಾರಿಯನ್ನು ನಿರ್ಧರಿಸುವುದು ಫ್ಯಾನ್.

ಎಷ್ಟು ಗಾಳಿ ಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಶಕ್ತಿ ಬೇಕು. ಯಂತ್ರ 300 ವ್ಯಾಟ್ ಶಾಖ ಬಿಡುತ್ತಿದೆ, ಹೊರಹೋಗುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ಸೆಕೆಂಡಿಗೆ 25 ಲೀಟರ್ ಗಾಳಿ ಸಾಗಬೇಕು. 120 ಮಿಲಿಮೀಟರಿನ ಒಂದು ಒಳ್ಳೆಯ ಫ್ಯಾನ್ ಬಯಲಿನಲ್ಲಿ ಪೂರ್ತಿ ವೇಗದಲ್ಲಿ ಸುಮಾರು ಇಷ್ಟು ಗಾಳಿ ತಳ್ಳಬಲ್ಲದು. ಜಾಲರಿ, ಧೂಳಿನ ಫಿಲ್ಟರ್, ಕೇಬಲ್ಲುಗಳು ಅಡ್ಡ ಬಂದಾಗ ಅದು ಬಹಳ ತಗ್ಗುತ್ತದೆ. ಹಾಗಾಗಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಎಂಬ ರೂಢಿಯ ಜೋಡಣೆಗೆ ಒಳ್ಳೆಯ ಆಧಾರವಿದೆ.

ಒಂದನ್ನು ಜೋರಾಗಿ ಓಡಿಸುವ ಬದಲು ಎರಡನ್ನು ನಿಧಾನವಾಗಿ ಓಡಿಸುವುದಕ್ಕೂ ಕಾರಣವಿದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಎರಡನೆಯ ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಅಷ್ಟೇ ಗಾಳಿ, ಎಷ್ಟೋ ಕಡಿಮೆ ಗದ್ದಲ.

ಫ್ಯಾನ್ ಕೂರಿಸುವಾಗ ಮೊದಲು ನೋಡುವುದು ಅದರ ದಿಕ್ಕು. ರೆಕ್ಕೆಗಳ ಹಿಂದೆ ಮೋಟರನ್ನು ಹಿಡಿದುಕೊಂಡಿರುವ ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ, ತೆರೆದ ಬದಿಯಿಂದ ಒಳಹೋಗುತ್ತದೆ. ಮುಂಭಾಗದ ಫ್ಯಾನುಗಳ ತೆರೆದ ಬದಿ ಹೊರಗೆ, ಹಿಂಭಾಗದ್ದರ ತೆರೆದ ಬದಿ ಒಳಗೆ ಇರಬೇಕು. ಪ್ರೊಸೆಸರಿನ ಕೂಲರ್ ಹಿಂಬದಿಯ ಫ್ಯಾನಿನತ್ತಲೇ ಊದಬೇಕು. ಒಂದು ಫ್ಯಾನ್ ತಿರುಗುಮುರುಗಾದರೂ ಸಾಕು, ಬಿಸಿಗಾಳಿ ಒಳಗೇ ಸುತ್ತತೊಡಗುತ್ತದೆ. ಮೇಲ್ಭಾಗದಲ್ಲಿ ಫ್ಯಾನ್ ಇಡುವುದಾದರೆ ಹಿಂದಿನ ಮೂಲೆ ಒಳ್ಳೆಯದು. ಮುಂದಿನ ಮೂಲೆಯಲ್ಲಿಟ್ಟರೆ ಆಗಷ್ಟೇ ಒಳಬಂದ ತಂಪು ಗಾಳಿಯನ್ನು ಅದು ಪ್ರೊಸೆಸರಿಗೆ ಮುಟ್ಟಿಸದೆ ಹೊರಗೆಳೆಯುತ್ತದೆ. ಫ್ಯಾನ್ ಹೆಚ್ಚಿದಷ್ಟೂ ತಂಪು ಹೆಚ್ಚುತ್ತದೆ ಎಂಬ ಲೆಕ್ಕ ತಪ್ಪುವುದು ಇಂಥಲ್ಲಿ.

ಮುಂದಿನ ಹಂತ ಒಳಬರುವ ಮತ್ತು ಹೊರಹೋಗುವ ಗಾಳಿಯ ಸಮತೋಲ. ಹೊರಗೆಳೆಯುವ ಬಲ ಹೆಚ್ಚಿದ್ದರೆ ಕ್ಯಾಬಿನೆಟ್ಟಿನ ಒಳಗೆ ಒತ್ತಡ ಕುಸಿದು, ಯುಎಸ್‌ಬಿ ತೂತು, ತಗಡಿನ ಸಂದು ಎಲ್ಲ ಕಡೆಯಿಂದಲೂ ಸೋಸದ ಗಾಳಿ ನುಗ್ಗುತ್ತದೆ. ಒಳಗೆ ತಳ್ಳುವ ಬಲ ತುಸು ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಗೆ ಸೋರುತ್ತದೆ, ಒಳಬರುವುದೆಲ್ಲ ಮುಂದಿನ ಫಿಲ್ಟರ್ ದಾಟಿಯೇ ಬರುತ್ತದೆ. ಬೇಸಗೆಯಲ್ಲಿ ರಸ್ತೆಯ ಕೆಂಪು ಧೂಳು, ಒಣ ಅಡಿಕೆ ಸುಲಿಯುವಾಗ ಏಳುವ ಸಿಪ್ಪೆಯ ಪುಡಿ, ಬಚ್ಚಲೊಲೆಯ ಹೊಗೆ ಇವೆಲ್ಲ ಇರುವ ಊರಿಗೆ ಈ ಎರಡನೆಯ ಕ್ರಮವೇ ಸರಿ.

ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ತಳದಲ್ಲಿದ್ದು, ಕೆಳಗೆ ಫಿಲ್ಟರೂ ನೆಲದಿಂದ ಎತ್ತರವೂ ಇದ್ದರೆ ಅದರ ಫ್ಯಾನ್ ಕೆಳಮುಖವಾಗಿರಲಿ. ಆಗ ಅದು ಹೊರಗಿನ ತಂಪು ಗಾಳಿಯನ್ನೇ ಎಳೆದುಕೊಂಡು ಹಿಂದಕ್ಕೆ ಬಿಡುತ್ತದೆ. ಕೇಬಲ್ಲುಗಳನ್ನು ಮದರ್‌ಬೋರ್ಡಿನ ಹಿಂಬದಿಗೆ ಸರಿಸಿ ಟೈ ಕಟ್ಟುವುದು ಬರೀ ಅಂದಕ್ಕಲ್ಲ. ಮುಂದಿನ ಫ್ಯಾನಿನ ಎದುರು ಜೋತುಬಿದ್ದ ಕೇಬಲ್ ಗೊಂಚಲು ಗಾಳಿಯನ್ನು ಚದುರಿಸುತ್ತದೆ.

ಫ್ಯಾನಿನ ತಯಾರಿಕೆಯೂ ಬೆರಗು ಹುಟ್ಟಿಸುವಂಥದ್ದು. ರೆಕ್ಕೆಗಳ ಸಂಖ್ಯೆ ಸಾಮಾನ್ಯವಾಗಿ 7, 9, 11 ಹೀಗೆ ಬೆಸವಾಗಿರುತ್ತದೆ. ಎಲ್ಲ ರೆಕ್ಕೆಗಳೂ ಒಂದೇ ಕ್ಷಣದಲ್ಲಿ ಹಿಂದಿನ ಕಡ್ಡಿಗಳನ್ನು ಹಾದರೆ ಗುಂಯ್ ಎಂಬ ನಾದ ಏಳುವುದರಿಂದ ಈ ಏರ್ಪಾಡು. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2018ರಲ್ಲಿ ತಂದ 120 ಮಿಲಿಮೀಟರ್ ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಿನ ಸಂದು ಅರ್ಧ ಮಿಲಿಮೀಟರ್ ಮಾತ್ರ. ವರ್ಷಗಟ್ಟಲೆ ತಿರುಗಿ, ಬಿಸಿಯಲ್ಲೇ ಇದ್ದರೂ ರೆಕ್ಕೆ ಹಿಗ್ಗಿ ಚೌಕಟ್ಟಿಗೆ ತಾಗದಂತೆ ಬೇರೆಯೇ ಬಗೆಯ ಪ್ಲಾಸ್ಟಿಕ್ಕನ್ನು ಅದಕ್ಕೆ ಬಳಸಿದ್ದಾರೆ. ವೇಗದ ಹತೋಟಿಯೂ ಅಷ್ಟೇ ನಾಜೂಕು. ನಾಲ್ಕು ಪಿನ್ನಿನ ಫ್ಯಾನಿಗೆ ಮದರ್‌ಬೋರ್ಡ್ ಸೆಕೆಂಡಿಗೆ 25,000 ಸಲ ಸಂಕೇತ ಕಳಿಸುತ್ತದೆ. ಪ್ರತಿ ಸಲ ಅದು ಎಷ್ಟು ಹೊತ್ತು ಚಾಲೂ ಇರುತ್ತದೆ ಎಂಬುದರಿಂದ ವೇಗ ನಿರ್ಧಾರವಾಗುತ್ತದೆ. ಮನುಷ್ಯರ ಕಿವಿಗೆ ಕೇಳಿಸುವ ಮಿತಿ ಸುಮಾರು 20,000. ಹಾಗಾಗಿ ಈ ಕಂಪನದ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಜೋಡಣೆ ಮುಗಿದ ಮೇಲೆ ಪರೀಕ್ಷೆ. ಒಂದು ಊದುಬತ್ತಿ ಹಚ್ಚಿ ಮುಂದಿನ ಜಾಲರಿಯ ಹತ್ತಿರ ಹಿಡಿದರೆ ಹೊಗೆ ಒಳಗೆ ಎಳೆಯಲ್ಪಡಬೇಕು, ಹಿಂದೆ ಹಿಡಿದರೆ ದೂರ ತಳ್ಳಲ್ಪಡಬೇಕು. ಆಮೇಲೆ ಯಂತ್ರಕ್ಕೆ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ತಾಪ ನೋಡುತ್ತಾರೆ. ಬದಿಯ ತಗಡು ತೆಗೆದ ಕೂಡಲೆ ತಾಪ ಐದಾರು ಡಿಗ್ರಿಗಿಂತ ಹೆಚ್ಚು ಇಳಿಯಿತೆಂದರೆ ಒಳಗಿನ ದಾರಿ ಎಲ್ಲೋ ಕಟ್ಟಿದೆ ಎಂದು ತಿಳಿಯಬೇಕು. ಇಲ್ಲಿ ಒಂದು ಮಾತು ನೆನಪಿಡಬೇಕು: ಯಾವ ಫ್ಯಾನೂ ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಯಂತ್ರ ಕನ್ಯಾನದ 35 ಡಿಗ್ರಿಯ ಮಧ್ಯಾಹ್ನ 80ರ ಆಸುಪಾಸು ತೋರಿಸುವುದು ಸಹಜ.

ಮಳೆಗಾಲದ ಒದ್ದೆ ಗಾಳಿ ಹಲವರಿಗೆ ಹೆದರಿಕೆ. ಆದರೆ ಗಾಳಿಯ ತೇವ ನೀರಹನಿಯಾಗುವುದು ತನಗಿಂತ ತಣ್ಣನೆಯ ವಸ್ತುವಿನ ಮೇಲೆ. ಓಡುತ್ತಿರುವ ಕಂಪ್ಯೂಟರಿನ ಒಳಭಾಗ ಯಾವಾಗಲೂ ಕೋಣೆಗಿಂತ ಬೆಚ್ಚಗಿರುತ್ತದೆ. ಕಾಟ ಶುರುವಾಗುವುದು ಯಂತ್ರವನ್ನು ವಾರಗಟ್ಟಲೆ ಮುಚ್ಚಿಟ್ಟಾಗ. ಕೂತ ಧೂಳು ತೇವ ಹೀರಿ, ಪಿನ್ನುಗಳು ಕಿಲುಬು ಹಿಡಿಯುತ್ತವೆ. ಬೆಚ್ಚನೆಯ ಜಾಗ ಹುಡುಕುವ ಹಲ್ಲಿ, ಇರುವೆಗಳು ತೆರೆದ ತೂತುಗಳಿಂದ ಒಳಸೇರುತ್ತವೆ. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಯಂತ್ರವನ್ನು ಓಡಿಸುವುದು, ಬಳಸದ ಸ್ಲಾಟುಗಳ ಮುಚ್ಚಳ ಹಾಕಿಡುವುದು ಇದಕ್ಕೆ ಸುಲಭದ ಮದ್ದು. ಗುಡುಗು ಕೇಳಿದರೆ ಮಾತ್ರ ಪ್ಲಗ್ ಕಿತ್ತಿಡಬೇಕು.

ಇಷ್ಟು ಜತನದಿಂದ ಜೋಡಿಸಿದ ವ್ಯವಸ್ಥೆಯನ್ನು ಕೆಡಿಸುವುದು ಬಹಳ ಸುಲಭ. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಮೇಜಿನ ಬಾಗಿಲಿರುವ ಗೂಡಿನೊಳಗೂ ಬರೀ ನೆಲದ ಮೇಲೂ ಇಡಬೇಡಿ. ಬೇಸಗೆಯಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಳಗೆ ಬ್ಲೋವರ್ ಹೊಡೆಯುವಾಗ ಪ್ಲಗ್ ತೆಗೆದಿರಲಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಲಿ. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಹೊಸತು ಕೊಳ್ಳುವವರು ಮುಂದೆ ಗಾಜು ಮುಚ್ಚಿದ, ಬಣ್ಣದ ದೀಪದ ಕ್ಯಾಬಿನೆಟ್ಟಿಗೆ ಮರುಳಾಗದೆ, ಮುಂಭಾಗದಲ್ಲಿ ಜಾಲರಿ ಇರುವುದನ್ನು ಆರಿಸಿ. ಸಾಧಾರಣ ಬಳಕೆಯ ಡೆಸ್ಕ್‌ಟಾಪಿಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಿದ ಮೂರು ಫ್ಯಾನುಗಳು ಸಾಕು.