ಬಿಸಿ ಕೊಬ್ಬು, ಎಳೆ ಸೊಪ್ಪು

ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯಲ್ಲಿ ಚಳಿ ಹಿಂದೆ ಸರಿದು ಹಿತ್ತಿಲ ಪಾತಿಗಳಲ್ಲಿ ಎಳೆ ಲೆಟ್ಯೂಸ್ ತಲೆ ಎತ್ತಿತೆಂದರೆ ಅಲ್ಲಿನ ಹಳೆಯ ಮನೆತನಗಳಲ್ಲಿ ಒಂದು ತಿನಿಸು ತಪ್ಪದೆ ತಯಾರಾಗುತ್ತದೆ. ಎಲೆಗಳನ್ನು ತೊಳೆದು, ನೀರಾರಿಸಿ, ಹೆಚ್ಚಿದ ಈರುಳ್ಳಿ ಸೊಪ್ಪಿನ ಜೊತೆ ದೊಡ್ಡ ಬೋಗುಣಿಗೆ ಹಾಕುತ್ತಾರೆ. ಇತ್ತ ಬಾಣಲೆಯಲ್ಲಿ ಬೇಕನ್, ಅಂದರೆ ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಮಾಂಸದ ತೆಳು ಪಟ್ಟಿಗಳು, ಗರಿಗರಿಯಾಗಿ ಹುರಿಯುತ್ತಿರುತ್ತವೆ. ಅವು ಬಿಟ್ಟ ಕೊಬ್ಬನ್ನು ಸುಡುಸುಡುವಾಗಿಯೇ ಸೊಪ್ಪಿನ ಮೇಲೆ ಸುರಿಯುತ್ತಾರೆ. ಚೊರ್ರೆಂದು ಸದ್ದಾಗಿ ಎಲೆಯ ರಾಶಿ ಕುಸಿಯುತ್ತದೆ. ಮೇಲೆ ಒಂದಿಷ್ಟು ವಿನೆಗರ್ ಬಿದ್ದರೆ ಊಟಕ್ಕೆ ಸಿದ್ಧ. ಪಕ್ಕಕ್ಕೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್, ಬೇಯಿಸಿದ ಬೀನ್ಸ್ ಕಾಳು. ಬೆಟ್ಟದ ಜನ ಇದನ್ನು ಕರೆಯುವುದು ‘ಕಿಲ್ಟ್ ಲೆಟಸ್’ ಎಂದು. ಕೊಂದ ಲೆಟ್ಯೂಸ್.

ಸಲಾಡ್ ಎಂದೊಡನೆ ತಣ್ಣನೆಯ, ಕಚ್ಚಿದರೆ ಕರುಂ ಎನ್ನುವ ಹಸಿ ಎಲೆ ನಮ್ಮ ಕಣ್ಣಿಗೆ ಬರುತ್ತದೆ. ಹಾಗಿರುವಾಗ ಒಳ್ಳೆಯ ಎಳೆ ಎಲೆಯ ಮೇಲೆ ಕುದಿಯುವಂಥ ಕೊಬ್ಬು ಸುರಿದು ಬಾಡಿಸುವುದೇಕೆ? ರುಚಿಗಾಗಿ ಎಂಬ ಉತ್ತರ ನಿಜವೇ, ಆದರೆ ಅದು ಆಮೇಲಿನ ಮಾತು. ಮೊದಲ ಕಾರಣ ಕೊಬ್ಬಿನ ಗುಣದಲ್ಲಿದೆ.

ಹಸಿ ಎಲೆಗೆ ಎಣ್ಣೆ, ಹುಳಿ, ಉಪ್ಪು ಬೆರೆಸಿ ತಿನ್ನುವುದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳ ಪದ್ಧತಿ. ಅಲ್ಲಿ ಆಲಿವ್ ಮರಗಳಿದ್ದವು. ಆಲಿವ್ ಎಣ್ಣೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವವರೆಗೂ ಹರಿಯುತ್ತಲೇ ಇರುತ್ತದೆ, ಎಲೆಗೆ ಸವರಲು ಅದನ್ನು ಬಿಸಿ ಮಾಡಬೇಕಿಲ್ಲ. ಇಂಗ್ಲೆಂಡಿನ ಜಾನ್ ಈವ್ಲಿನ್ 1699ರಲ್ಲಿ ಸಲಾಡ್‌ಗಳ ಬಗ್ಗೆಯೇ ‘ಅಸೆಟೇರಿಯಾ’ ಎಂಬ ಪುಸ್ತಕ ಬರೆದಾಗಲೂ ಇಟಲಿಯ ಲುಕ್ಕಾದ ಎಣ್ಣೆಯನ್ನೇ ಮೆಚ್ಚಿ ಹೇಳಿದ್ದ. ದೂರದಿಂದ ತರಿಸಿಕೊಳ್ಳುವಷ್ಟು ಹಣವಿದ್ದವರ ಮಾತು ಅದು. ಆಲಿವ್ ಬೆಳೆಯದ ಉತ್ತರದಲ್ಲಿ, ಜರ್ಮನಿಯ ರೈನ್ ನದಿಯ ಕಡೆಯಲ್ಲಿ, ಫ್ರಾನ್ಸಿನ ಲೊರೇನ್ ಮತ್ತು ಆರ್ಡೆನ್ ಪ್ರದೇಶಗಳಲ್ಲಿ, ಬಡ ಒಕ್ಕಲಿನ ಮನೆಯ ಕೊಬ್ಬು ಎಂದರೆ ಹಂದಿಯ ಕೊಬ್ಬು. ಅದು ಸುಮಾರು 30 ಡಿಗ್ರಿಗಿಂತ ಕೆಳಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ತಣ್ಣನೆಯ ಎಲೆಗೆ ತಣ್ಣನೆಯ ಕೊಬ್ಬು ಹಚ್ಚಿದರೆ ಅದು ಗಂಟುಗಂಟಾಗಿ ಎಲೆಗೆ ಮೆತ್ತಿಕೊಳ್ಳುತ್ತದೆ, ಅಂಗುಳಕ್ಕೂ ಅಂಟಿಕೊಳ್ಳುತ್ತದೆ. ಹಾಗಾಗಿ ಅವರಿಗೆ ಇದ್ದದ್ದು ಒಂದೇ ದಾರಿ: ಕರಗಿಸಿ ಬಿಸಿಯಾಗಿ ಸುರಿಯಬೇಕು, ಅದು ಮತ್ತೆ ಗಟ್ಟಿಯಾಗುವ ಮೊದಲೇ ತಿಂದು ಮುಗಿಸಬೇಕು. ಬೆಚ್ಚನೆಯ ಸಲಾಡಿನ ಉಳಿದೆಲ್ಲ ಲಕ್ಷಣಗಳೂ ಈ ಒಂದು ನಿರ್ಬಂಧದಿಂದ ಹುಟ್ಟಿದವು ಎಂಬುದು ನನ್ನ ನಂಬಿಕೆ.

ಇದರ ಜೊತೆಗೆ ಪಂಚಾಂಗವೂ ಕೂಡಿಬಂತು. ಆ ಊರುಗಳಲ್ಲಿ ಹಂದಿ ಕಡಿಯುತ್ತಿದ್ದದ್ದು ಚಳಿ ಶುರುವಾಗುವ ನವೆಂಬರ್ ಹೊತ್ತಿಗೆ. ಮಾಂಸವನ್ನು ಉಪ್ಪಿನಲ್ಲಿಟ್ಟು, ಹೊಗೆಗೆ ತೂಗುಹಾಕಿ, ಚಳಿಗಾಲವೆಲ್ಲ ಸ್ವಲ್ಪ ಸ್ವಲ್ಪವೇ ಕೊಯ್ದು ಬಳಸುತ್ತಿದ್ದರು. ಮಾರ್ಚ್ ಬರುವಷ್ಟರಲ್ಲಿ ಉಳಿಯುತ್ತಿದ್ದದ್ದು ಕೊನೆಯ ತುಂಡುಗಳು. ತಿಂಗಳುಗಟ್ಟಲೆ ಕಾಳು, ಗಡ್ಡೆ, ಉಪ್ಪು ಹಾಕಿದ ಕೋಸು ತಿಂದ ಮೈಗೆ ಹಸಿರಿನ ಹಸಿವು. ಆಗ ಹುಲ್ಲುಗಾವಲಲ್ಲಿ ಎಲ್ಲಕ್ಕಿಂತ ಮೊದಲು ನೆಲ ಬಿಟ್ಟೇಳುವುದು ಡ್ಯಾಂಡಿಲಿಯನ್. ಹೂ ಬಿಡುವ ಮುಂಚೆ ಅದರ ಎಲೆ ಎಳೆಯದಾಗಿ, ಹಿತವಾದ ಕಹಿಯಿಂದ ಕೂಡಿರುತ್ತದೆ. ಹಳದಿ ಹೂ ಅರಳಿತೋ, ಬಾಯಿಗಿಡಲಾಗದಷ್ಟು ಕಹಿ. ಕೊಯ್ಯಲು ಸಿಗುವುದು ಕೆಲವೇ ವಾರ. ಮುಗಿಯುತ್ತಿರುವ ಮಾಂಸವೂ ಮೊದಲಾಗುತ್ತಿರುವ ಸೊಪ್ಪೂ ಒಂದೇ ಬೋಗುಣಿಗೆ ಬಿದ್ದವು. ಕಹಿಯನ್ನು ಕೊಬ್ಬು ಮೆತ್ತಗಾಗಿಸಿತು, ಕೊಬ್ಬಿನ ಜಿಡ್ಡನ್ನು ವಿನೆಗರ್ ಕತ್ತರಿಸಿತು, ಉಪ್ಪು ಮಾಂಸದಲ್ಲೇ ಇತ್ತು. ಈಸ್ಟರ್‌ಗೆ ಮುಂಚಿನ ಗುರುವಾರಕ್ಕೆ ಜರ್ಮನ್ನರು ‘ಹಸಿರು ಗುರುವಾರ’ ಎನ್ನುತ್ತಾರೆ. ಅಂದು ಹಸಿರು ಸೊಪ್ಪು ತಿಂದರೆ ವರ್ಷವಿಡೀ ಆರೋಗ್ಯ ಎಂಬುದು ಹಳೆಯ ನಂಬಿಕೆ. ಚಳಿಗಾಲದುದ್ದಕ್ಕೂ ಸಿ ಜೀವಸತ್ವ ಸಾಲದೆ ಸೊರಗಿದ ಮೈಗೆ ಆ ಸೊಪ್ಪು ಎಂಥ ಚೇತರಿಕೆ ಕೊಟ್ಟಿರಬೇಕೆಂದು ಊಹಿಸಿದರೆ ಈ ನಂಬಿಕೆಯ ಬಗ್ಗೆ ಗೌರವ ಮೂಡುತ್ತದೆ.

ಫ್ರಾನ್ಸಿನಲ್ಲಿ ಊರೂರಿಗೂ ಈ ಸಲಾಡಿನ ಬೇರೆ ಬೇರೆ ರೂಪ. ಆರ್ಡೆನ್‌ನಲ್ಲಿ ಬೆಂದ ಆಲೂಗಡ್ಡೆ ಸೇರಿಸಿ ಒಂದು ಹೊತ್ತಿನ ಪೂರ್ಣ ಊಟವನ್ನೇ ಮಾಡಿಕೊಂಡರು. ಲಿಯೋನ್ ನಗರದ ‘ಬುಶೋನ್’ ಎಂಬ ಸಣ್ಣ ಊಟದ ಮನೆಗಳಲ್ಲಿ ಗುಂಗುರು ಎಲೆಯ ಫ್ರಿಜೆ ಸೊಪ್ಪು, ಹುರಿದ ಬೇಕನ್ ತುಂಡು, ಮೇಲೊಂದು ನೀರಿನಲ್ಲಿ ಬೇಯಿಸಿದ ಮೊಟ್ಟೆ. ಅರೆಬೆಂದ ಹಳದಿ ಒಡೆದು ಹರಿದಾಗ ಅದೇ ಇನ್ನೊಂದು ಗೊಜ್ಜು. ಈ ಮನೆತನದಲ್ಲಿ ಇದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬೆಚ್ಚನೆಯ ಸಲಾಡನ್ನು ಅಟ್ಲಾಂಟಿಕ್ ದಾಟಿಸಿದವರು ಜರ್ಮನ್ನರು. 1683ರಲ್ಲಿ ಕ್ರೆಫೆಲ್ಡ್ ಊರಿನಿಂದ ಬಂದ 13 ಕುಟುಂಬಗಳು ಫಿಲಡೆಲ್ಫಿಯಾದ ಬಳಿ ಜರ್ಮನ್‌ಟೌನ್ ಕಟ್ಟಿದವು. 18ನೇ ಶತಮಾನದಲ್ಲಿ ರೈನ್ ಸೀಮೆಯ ರೈತರು ರಾಟರ್‌ಡ್ಯಾಮ್ ಬಂದರಿನಲ್ಲಿ ಹಡಗು ಹತ್ತಿ ಸಾವಿರಗಟ್ಟಲೆ ಬಂದಿಳಿದರು. ‘ಪೆನ್ಸಿಲ್ವೇನಿಯಾ ಡಚ್’ ಎಂದು ಹೆಸರಾದದ್ದು ಇವರೇ. ಡ್ಯಾಂಡಿಲಿಯನ್ ಕೂಡ ಯುರೋಪಿನವರ ಬೆನ್ನಿಗೇ ಅಮೆರಿಕಕ್ಕೆ ಹೋದ ಗಿಡ. ಹೊಸ ನೆಲದಲ್ಲಿ ಇವರು ಕೊಬ್ಬು, ವಿನೆಗರ್‌ಗೆ ಸಕ್ಕರೆ, ಮೊಟ್ಟೆ, ಚಿಟಿಕೆ ಹಿಟ್ಟು ಸೇರಿಸಿ ಕುದಿಸಿ ದಪ್ಪನೆಯ ಸಿಹಿಹುಳಿ ಗೊಜ್ಜು ಮಾಡಿದರು. ಈಗಲೂ ಅಲ್ಲಿ ಈಸ್ಟರ್ ಹತ್ತಿರವಾದಾಗ ಡ್ಯಾಂಡಿಲಿಯನ್ ಊಟ ಇರುತ್ತದೆ. ಫಿಲಡೆಲ್ಫಿಯಾದಿಂದ ಶೆನಾಂಡೊವಾ ಕಣಿವೆಗುಂಟ ಕೆರೊಲಿನಾದತ್ತ ಸಾಗುತ್ತಿದ್ದ ಗಾಡಿದಾರಿಯಲ್ಲಿ ಜರ್ಮನ್ನರೂ ಐರ್ಲೆಂಡಿನ ಉತ್ತರದಿಂದ ಬಂದ ಸ್ಕಾಟರೂ ಒಟ್ಟೊಟ್ಟಿಗೆ ದಕ್ಷಿಣಕ್ಕೆ ಇಳಿದರು, ಅವರ ಅಡುಗೆಗಳೂ ಬೆರೆತವು. ಬೆಟ್ಟಸೀಮೆಗೆ ಬರುವಷ್ಟರಲ್ಲಿ ಮೊಟ್ಟೆ, ಹಿಟ್ಟು ಇಲ್ಲದ ನೇರ ರೂಪವೇ ಉಳಿದಿತ್ತು. ಎಲೆ, ಕೊಬ್ಬು, ಸೇಬಿನ ವಿನೆಗರ್.

ಆಮೇಲೆ ಇದು ಹಿಂದೆ ಬಿದ್ದದ್ದಕ್ಕೆ ಮಂಜುಗಡ್ಡೆ ಕಾರಣ. 1894ರಲ್ಲಿ ಫಿಲಡೆಲ್ಫಿಯಾದ ಬರ್ಪಿ ಬೀಜದ ಕಂಪನಿ ‘ಐಸ್‌ಬರ್ಗ್’ ಎಂಬ ಲೆಟ್ಯೂಸನ್ನು ಮಾರಾಟಕ್ಕೆ ತಂದಿತು. 20ನೇ ಶತಮಾನದಲ್ಲಿ ಅದೇ ಹೆಸರು ಹೊತ್ತ ಗಟ್ಟಿ ತಲೆಯ ತಳಿಗಳು ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಿಂದ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ದೇಶವಿಡೀ ಹೋದವು. ತಣ್ಣಗೆ, ಗರಿಗರಿಯಾಗಿ ಇರುವುದೇ ಸಲಾಡಿನ ಗುಣ ಎಂಬ ಕಲ್ಪನೆ ಬೇರೂರಿತು. ಮುಂದೆ 1970ರ ದಶಕದಲ್ಲಿ ಫ್ರಾನ್ಸಿನ ಹೊಸ ಪಾಕಪಂಥ ಬೆಚ್ಚನೆಯ ಸಲಾಡನ್ನು ದುಬಾರಿ ಹೋಟೆಲುಗಳಿಗೆ ಕರೆತಂದಿತು, ಅಮೆರಿಕದಲ್ಲಿ ಲೆಟ್ಯೂಸಿನ ಜಾಗಕ್ಕೆ ಪಾಲಕ್ ಬಂತು. ಮುಗಿದುಹೋಗುತ್ತಿದ್ದ ಮಾಂಸದ ತುಂಡನ್ನು ಇಡೀ ಮನೆಗೆ ಹಂಚಲು ಕಂಡುಕೊಂಡ ಉಪಾಯ ಈಗ ಶೋಕಿಯ ತಿನಿಸು.

ಬಿಸಿ ಬಿದ್ದಾಗ ಎಲೆಗೆ ಏನಾಗುತ್ತದೆ ಎಂದು ತಿಳಿದುಕೊಂಡರೆ ಮನೆಯಲ್ಲಿ ಮಾಡುವುದು ಸುಲಭ. ಎಲೆ ನೆಟ್ಟಗೆ ನಿಲ್ಲುವುದು ಜೀವಕೋಶಗಳೊಳಗೆ ತುಂಬಿದ ನೀರಿನ ಒತ್ತಡದಿಂದ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 91 ಗ್ರಾಂ ನೀರೇ. ಶಾಖ 60 ಡಿಗ್ರಿಯ ಹತ್ತಿರ ಬಂದಾಗ ಕೋಶದ ಪೊರೆ ಸಡಿಲುತ್ತದೆ, ನೀರು ಹೊರಬರುತ್ತದೆ, ಎಲೆ ಜೋತುಬೀಳುತ್ತದೆ. ಜೊತೆಗೆ ಎಲೆಯ ಮೈಮೇಲೆ ನೀರು ನಿಲ್ಲಗೊಡದ ಮೇಣದಂಥ ತೆಳುಪದರ ಇರುತ್ತದೆ. ಅದನ್ನು ವಿನೆಗರ್ ಅಷ್ಟು ಸುಲಭವಾಗಿ ದಾಟಲಾರದು, ಜಿಡ್ಡು ದಾಟುತ್ತದೆ. ಹೀಗಾಗಿ ಎಲೆಯನ್ನು ಬಾಡಿಸುವುದರಲ್ಲಿ ಹುಳಿಗಿಂತ ಕೊಬ್ಬಿನ ಪಾಲೇ ಹೆಚ್ಚು. ಹುಳಿಯ ಕೆಲಸ ಬೇರೆ: ಅದು ಕ್ಲೋರೊಫಿಲ್‌ನ ನಡುವಿನ ಮೆಗ್ನೀಸಿಯಂ ಅನ್ನು ಕಿತ್ತುಹಾಕಿ ಹಸಿರನ್ನು ಮಾಸಲು ಕಂದಾಗಿಸುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಬೇಕು, ಆ ಹೊತ್ತಿನೊಳಗೆ ಊಟ ಮುಗಿದಿರಬೇಕು. ಇನ್ನೊಂದು ಲಾಭವೂ ಉಂಟು. ಸೊಪ್ಪಿನಲ್ಲಿರುವ ಬೀಟಾ ಕೆರೋಟಿನ್ ಮತ್ತು ಕೆ ಜೀವಸತ್ವ ಜಿಡ್ಡಿನಲ್ಲಿ ಕರಗುವಂಥವು, ಕೊಬ್ಬಿನ ಜೊತೆ ತಿಂದರೆ ಮೈಗೆ ಹೆಚ್ಚು ಹತ್ತುತ್ತವೆ.

ನಾಲ್ವರಿಗೆ ಕಾಲು ಕಿಲೋ ಎಳೆ ಪಾಲಕ್ ಇಲ್ಲವೇ ಬಿಡಿ ಎಲೆಯ ಲೆಟ್ಯೂಸ್ ಸಾಕು. ತೊಳೆದ ಮೇಲೆ ಬಟ್ಟೆಯಲ್ಲಿ ಸುತ್ತಿ ತೇವವೆಲ್ಲ ಆರಿಸಿ. ನೀರು ಉಳಿದರೆ ಬಿಸಿ ಕೊಬ್ಬು ಸಿಡಿಯುತ್ತದೆ, ಶಾಖವೂ ಆ ನೀರಿಗೇ ವ್ಯಯವಾಗುತ್ತದೆ. 100 ಗ್ರಾಂ ಬೇಕನ್ನನ್ನು ತಣ್ಣನೆಯ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಉರಿ ಜೋರಾದರೆ ಮಾಂಸ ಸೀಯುತ್ತದೆ, ಕೊಬ್ಬು ಬಿಡುವುದಿಲ್ಲ. ತುಂಡುಗಳನ್ನು ತೆಗೆದಿಟ್ಟು ಮೂರು ದೊಡ್ಡ ಚಮಚದಷ್ಟು ಕೊಬ್ಬು ಉಳಿಸಿಕೊಂಡು, ಹೆಚ್ಚಿದ ಸಣ್ಣ ಈರುಳ್ಳಿಯನ್ನು ಅದರಲ್ಲಿ ಅರೆನಿಮಿಷ ಬಾಡಿಸಿ. ಅರ್ಧ ಚಮಚ ಸಕ್ಕರೆ ಹಾಕಬಹುದು, ಅದಕ್ಕಿಂತ ಹೆಚ್ಚು ನನಗೆ ಒಗ್ಗದು. ಕೊಬ್ಬನ್ನು ಎಲೆಯ ಮೇಲೆ ಸುತ್ತಲೂ ಸುರಿದು, ಬಾಣಲೆಯನ್ನು ಉರಿಯಿಂದ ಇಳಿಸಿದ ಮೇಲೆ ಎರಡು ಚಮಚ ವಿನೆಗರ್ ಹಾಕಿ, ತಳಕ್ಕೆ ಹತ್ತಿದ್ದನ್ನೆಲ್ಲ ಕೆರೆದು ಅದನ್ನೂ ಸುರಿಯಿರಿ. ತೆಗೆದಿಟ್ಟ ತುಂಡುಗಳನ್ನು ಮೇಲೆ ಉದುರಿಸಿ. ಎಲೆ ಅರ್ಧ ಬಾಡಿ ಅರ್ಧ ಚೈತನ್ಯದಿಂದಿರಬೇಕು. ಪೂರ್ತಿ ಮುದ್ದೆಯಾದರೆ ಅದು ಪಲ್ಯ.

ಹಂದಿಮಾಂಸ ತಿನ್ನದ ಮನೆಗಳಿಗೆ ತುಪ್ಪ ಸರಿಹೊಂದುತ್ತದೆ. ಚಳಿಗೆ ಗಟ್ಟಿಯಾಗುವ, ಬಿಸಿಯಾಗಿದ್ದಾಗ ಮಾತ್ರ ಎಲೆಗೆ ಹರಡುವ ಗುಣ ಅದಕ್ಕೂ ಇದೆ. ಅದರಲ್ಲಿ ಜಜ್ಜಿದ ಬೆಳ್ಳುಳ್ಳಿ, ಶೇಂಗಾ ಹುರಿದು, ಉಪ್ಪು ಹಾಕಿ, ಒಗ್ಗರಣೆ ಕೊಡುವ ಹಾಗೆಯೇ ಬಿಸಿಯಾಗಿ ಸೊಪ್ಪಿಗೆ ಸುರಿದು ನಿಂಬೆರಸ ಹಿಂಡಿ. ಬೇಕನ್ನಿನ ಹೊಗೆಯ ವಾಸನೆ ಸಿಗದಿದ್ದರೂ ಕೊಬ್ಬು, ಹುಳಿ, ಉಪ್ಪಿನ ಸಮತೋಲ ಸಿಗುತ್ತದೆ. ನಮ್ಮ ಸಂತೆಯಲ್ಲಿ ಪಾಲಕ್ ಎಂದು ಸಿಗುವುದು ಹೆಚ್ಚಾಗಿ ಬೀಟ್‌ರೂಟ್ ಜಾತಿಯ ಸೊಪ್ಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನುಪಮಾ’ ಕೂಡ ಆ ಬಗೆಯದೇ. ಇದರ ಬಲಿತ ಎಲೆ ದಪ್ಪ. ದಂಟು ತೆಗೆದು, ಎಳೆಯದನ್ನೇ ಆರಿಸಿ, ಸಣ್ಣಗೆ ಹರಿದು ಹಾಕಬೇಕು. ಡ್ಯಾಂಡಿಲಿಯನ್ನಿನ ಕಹಿ ಬೇಕೆನ್ನುವವರು ಒಂದು ಹಿಡಿ ಎಳೆ ಮೆಂತ್ಯ ಸೊಪ್ಪು ಬೆರೆಸಲಿ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೆ ಹಸಿ ಮೆಂತ್ಯದ ಪಚಡಿ ಹಚ್ಚಿಕೊಂಡು ಬೆಳೆದವರಿಗೆ ಈ ಕಹಿಯ ಸೊಗಸನ್ನು ಹೇಳಿಕೊಡಬೇಕಿಲ್ಲ.

ಉಂಡು ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡಲು ಹೋಗಬೇಡಿ, ಕೊಬ್ಬು ಮತ್ತೆ ಬೆಳ್ಳಗೆ ಗಟ್ಟಿಯಾಗಿ ಎಲೆಗೆ ಅಂಟಿರುತ್ತದೆ. ತಟ್ಟೆಗಳು ಎದುರಿಗೆ ಬಂದು, ಎಲ್ಲರೂ ಕುಳಿತ ಮೇಲೆಯೇ ಬಾಣಲೆಯನ್ನು ಒಲೆಯಿಂದ ಇಳಿಸಿ. ಇನ್ನಷ್ಟು ಬೇಕೆಂದು ಯಾರಾದರೂ ಕೇಳಿದರೆ ಇನ್ನೊಂದು ಹಿಡಿ ಸೊಪ್ಪು ತೊಳೆದು, ಕೊಬ್ಬನ್ನು ಹೊಸದಾಗಿ ಕಾಯಿಸಿ.